ಹಲಗೆ ತೊಳೆದ ನೀರು

"ಉಳಿದಿದ್ದು ಎಲ್ಲಿಗೆ ಹೋಯ್ತು?"

ಕೇಳಿದ ಮೇಲೆಯೇ ರಕಿಯಾಗೆ ತಾನು ಗಟ್ಟಿಯಾಗಿ ಕೇಳಿದ್ದು ಗೊತ್ತಾದದ್ದು. ತಗಡಿನ ಕೊಠಡಿಯಲ್ಲಿ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಗೋಡೆಗೆ ನೇತುಹಾಕಿದ ಸಿಂಪಡಿಸುವ ಯಂತ್ರಗಳು, ಹುಳು ಅರೆಯುವ ಒರಳು, ಮೂಲೆಯಲ್ಲಿ ಹಳದಿ ಕ್ಯಾನು. ಕ್ಯಾನನ್ನು ಯಾರೋ ಮುಚ್ಚಳ ತೆಗೆದು ಬೋರಲು ಹಾಕಿದ್ದರು. ಎತ್ತಿ ಮೂಸಿ ನೋಡಿದಳು. ಕೊಳೆತ ಹುಳುವಿನ ವಾಸನೆ ಇರಲಿಲ್ಲ, ಸಾಬೂನಿನ ವಾಸನೆಯೂ ಇರಲಿಲ್ಲ. ಬರೀ ನೀರಿನಲ್ಲಿ ಮತ್ತೆ ಮತ್ತೆ, ತುಂಬ ಶ್ರದ್ಧೆಯಿಂದ ತೊಳೆದ ಕ್ಯಾನು ಅದು. ಸಿಂಪಡಿಸುವ ಆಳು ತಾನಿಮು ಯಾವತ್ತೂ ಇಷ್ಟು ಚೊಕ್ಕವಾಗಿ ಏನನ್ನೂ ತೊಳೆದವನಲ್ಲ. ಯಂತ್ರದ ಮೂತಿ ಕಟ್ಟಿಕೊಂಡರೆ ಬಾಯಲ್ಲಿ ಊದಿ ಅಂಗಿಗೆ ಒರೆಸಿ ಇಡುವವನು. ಸಿಂಪಡಿಸಿ ಉಳಿದ ಮದ್ದನ್ನು ಸುಣ್ಣದ ಗುಂಡಿಗೆ ಸುರಿ ಎಂದು ಅವನಿಗೆ ಹೇಳಿ, ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಹೊತ್ತಾಯಿತೆಂದು ಅವಳು ಹೊರಟುಬಿಟ್ಟಿದ್ದಳು. ಅಷ್ಟು ಸಣ್ಣ ಮಾತನ್ನು ಎರಡು ಸಲ ಹೇಳಬೇಕೆಂದು ಯಾರಿಗೆ ತೋಚುತ್ತದೆ? ಕೊಠಡಿಯ ಹಿಂದೆ ಹೋಗಿ ಗುಂಡಿ ನೋಡಿದಳು. ಸುಣ್ಣ ಬೆಳ್ಳಗೆ ಒಡೆದುಕೊಂಡು ಒಣಗಿತ್ತು. ಅದರ ಮೇಲೆ ಹಲ್ಲಿಯೊಂದು ಹಾದುಹೋದ ಗುರುತು ಮಾತ್ರ ಇತ್ತು. ಕಪ್ಪು ನೀರಿನ ಒಂದೇ ಒಂದು ಹನಿ ಬಿದ್ದಿದ್ದರೂ ಅಲ್ಲಿ ಕಾಣಬೇಕಿತ್ತು. ನಿಮ್ಮ ಭಯಕ್ಕೆ ಇನ್ನೂ ಕಾರಣ ಸಿಕ್ಕಿಲ್ಲ ಎಂದು ಯಾರೋ ಬೇರೆಯವರಿಗೆ ಹೇಳುವ ಹಾಗೆ ತನಗೆ ತಾನೇ ಹೇಳಿಕೊಂಡು ಹೊಲದ ಕಡೆಗೆ ನಡೆದಳು.

ಹೊಲ ಚೆನ್ನಾಗಿತ್ತು. ಹೆದರಿಕೆಯಾದದ್ದು ಅದಕ್ಕೇ. ಅಲಸಂದೆಯ ಮಡಿಗಳು ಬೆಳಗಿನ ಇಬ್ಬನಿಯಲ್ಲಿ ಹೊಳೆಯುತ್ತಿದ್ದವು. ಹಗ್ಗ ಕಟ್ಟಿ ಬೇರೆ ಮಾಡಿದ ಕೊನೆಯ ಮಡಿಯಲ್ಲಿ ಹೂವುಗಳು ಇಡಿಯಾಗಿ ನಿಂತಿದ್ದವು. ಹೂವಿನೊಳಗೆ ಬಲೆ ನೇಯ್ದುಕೊಂಡು ಅವಿತು ಕೂತು ಕಾಯಿಯನ್ನು ಕೊರೆಯುವ ಹುಳುಗಳು ಅಲ್ಲಲ್ಲಿ ಎಲೆಯ ಅಂಚಿಗೆ ಜೋತುಬಿದ್ದಿದ್ದವು. ಮೆತ್ತಗಾಗಿ ಕಪ್ಪಾದ ಅವು ಮುಟ್ಟಿದರೆ ಒಡೆದು ಹರಿಯುತ್ತಿದ್ದವು. ಹುಳುವಿಗೆ ಬರುವ ರೋಗವನ್ನೇ ಹುಳುವಿಗೆ ಮದ್ದಾಗಿ ಹೊಡೆಯುವುದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ. ಹೀಗೆ ಸತ್ತವನ್ನು ಆಯ್ದು ಒರಳಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸಬೇಕು. ಎಲೆ ತಿಂದದ್ದು ಸಾಯುತ್ತದೆ. ಮನುಷ್ಯರಿಗೆ, ಮೇಕೆಗೆ, ಜೇನಿಗೆ ಏನೂ ಆಗುವುದಿಲ್ಲ. ಆ ಹುಳುವಿನ ಮೈ ಒಂದನ್ನು ಬಿಟ್ಟು ಬೇರೆ ಯಾವ ಮನೆಯ ಬಾಗಿಲೂ ಆ ರೋಗಕ್ಕೆ ತೆರೆಯುವುದಿಲ್ಲ. ಆದರೆ ಅದಕ್ಕೂ ಒಂದು ಸಾವು ಇತ್ತು, ಬಿಸಿಲು. ಬೆಳಿಗ್ಗೆ ಹೊಡೆದದ್ದು ಎಲೆಯ ಮೇಲೆ ಸಂಜೆಯ ಹೊತ್ತಿಗೆ ಅರ್ಧ ಸತ್ತಿರುತ್ತಿತ್ತು. ಮರುದಿನದ ಬಿಸಿಲಿಗೆ ಉಳಿದರ್ಧವೂ ಹೋಗುತ್ತಿತ್ತು. ಅಷ್ಟರಲ್ಲಿ ಹುಳು ಹೂವಿನಿಂದ ಹೊರಗೆ ಬಂದಿರುತ್ತಿರಲಿಲ್ಲ. ಎಷ್ಟು ಮಳೆಗಾಲಗಳು ಅವಳು ಈ ಹೊಲದ ಬದುವಿನಲ್ಲಿ ನಿಂತು ಆಕಾಶವನ್ನು ಶತ್ರುವಿನಂತೆ ನೋಡಿದ್ದಳೋ. ಬೇವಿನ ಎಣ್ಣೆ ಬೆರೆಸಿದ್ದಳು, ಬೆಲ್ಲದ ಪಾಕ ಬೆರೆಸಿದ್ದಳು, ಜೇಡಿಮಣ್ಣು ಬೆರೆಸಿದ್ದಳು. ಲಾಂದ್ರದ ಗಾಜಿನಿಂದ ಕೆರೆದ ಮಸಿ ನೀರಿನೊಂದಿಗೆ ಕೂಡದೆ ತೇಲಿ ಯಂತ್ರದ ಮೂತಿಯನ್ನು ಕಟ್ಟಿತ್ತು. ಬಿಸಿಲನ್ನು ತನ್ನ ಮೈಮೇಲೆ ತೆಗೆದುಕೊಂಡು ಒಳಗಿನದನ್ನು ಕಾಯುವ ಕಪ್ಪು ಬೇಕಿತ್ತು. ಇಬ್ಬನಿಗೆ ಜಾರದ, ಗಾಳಿಗೆ ಉದುರದ ಅಂಟು ಬೇಕಿತ್ತು. ಈಗ ಈ ಒಂದು ಮಡಿಯಲ್ಲಿ ಎಲೆಗಳ ಮೇಲೆ ತೆಳ್ಳಗೆ ಬೂದುಗಪ್ಪಿನ ಚುಕ್ಕೆಗಳಿದ್ದವು. ಅವುಗಳ ಅಡಿಯಲ್ಲಿ ಮದ್ದು ಬದುಕಿತ್ತು. ದಿನಗಳು ಕಳೆದರೂ ಹೊಸ ಹುಳುಗಳು ಬಂದು ತಿಂದು ಸಾಯುತ್ತಲೇ ಇದ್ದವು. ಮಡಿಯ ನಡುವೆ ಯಾರದೋ ಮೇಕೆ ನುಗ್ಗಿ ಹೋದ ಗೊರಸಿನ ಗುರುತುಗಳಿದ್ದವು. ಪಕ್ಕದಲ್ಲಿ ಹಿಕ್ಕೆ. ರಕಿಯಾ ಬಾಗಿ ಹಿಕ್ಕೆಯನ್ನು ಕೈಯಲ್ಲೇ ಆಯ್ದು ಹಗ್ಗದಾಚೆ ಎಸೆದಳು. ಆಮೇಲೆ ತನ್ನ ಚಪ್ಪಲಿಯನ್ನೂ ಬದುವಿನ ಮೇಲೆ ಬಿಟ್ಟಳು.

ಆ ಕಪ್ಪು ಹೊಳೆದದ್ದು ಅಪ್ಪನ ಮನೆಯಲ್ಲಿ. ಅವಳ ಅಪ್ಪ ಜುನೈದು ಕೇರಿಯ ಮಕ್ಕಳಿಗೆ ಕುರಾನ್ ಕಲಿಸುವ ಗುರು, ಊರಿಗೆಲ್ಲ ಮಾಲಂ. ದೂರದ ಊರುಗಳಿಂದ ಬಂದ ಹುಡುಗರೂ ಅಂಗಳದಲ್ಲಿ ಕೂತು ಮರದ ಹಲಗೆಗಳ ಮೇಲೆ ಬರೆದು ಓದುತ್ತಾರೆ. ಮಡಕೆಯ ತಳದ ಮಸಿಯನ್ನು ಜಾಲಿಯ ಅಂಟಿನ ಜೊತೆ ಕಲ್ಲಿನ ಮೇಲೆ, ಬಾಯಿಪಾಠ ಒಪ್ಪಿಸುತ್ತಲೇ, ಕೈ ಸೋಲುವವರೆಗೆ ಅರೆದು ಮಾಡಿದ ಶಾಯಿ ಅದು. ಹುಡುಗರು ಬೆವರಿನ ತೊಡೆಯ ಮೇಲಿಟ್ಟುಕೊಂಡರೂ ಅಕ್ಷರ ಕದಡುವುದಿಲ್ಲ. ಇಡೀ ದಿನ ಬಿಸಿಲಲ್ಲಿದ್ದರೂ ಮಾಸುವುದಿಲ್ಲ. ಪಾಠ ಬಾಯಿಗೆ ಬಂದ ಮೇಲೆ ಹಲಗೆಯನ್ನು ತೊಳೆಯುತ್ತಾರೆ. ತೊಳೆದ ನೀರನ್ನು ಚೆಲ್ಲುವಂತಿಲ್ಲ, ಅದರಲ್ಲಿ ದೇವರ ಮಾತು ಕರಗಿದೆ. ಅಂಗಳದ ಮೂಲೆಯಲ್ಲಿ, ಬೇವಿನ ನೆರಳಲ್ಲಿ, ಅವಳಿಗಿಂತ ಹಳೆಯದಾದ ಒಂದು ಗುಡಾಣವಿದೆ. ನೀರು ಅಲ್ಲಿಗೆ ಹೋಗುತ್ತದೆ. ಜ್ವರ ಬಂದವರು, ಬಸುರಿಯರು, ಕೆಟ್ಟ ಕನಸು ಕಂಡವರು ಬಂದು ಒಂದು ಬಟ್ಟಲು ಕುಡಿದು ಹೋಗುತ್ತಾರೆ. ತುಂಬಿ ಉಳಿದದ್ದನ್ನು ಅಪ್ಪ ತಾವೇ ಹಿತ್ತಿಲ ಗೋಡೆಯ ಬುಡಕ್ಕೆ, ಯಾರ ಕಾಲೂ ಬೀಳದ ಕಡೆ, ಸುರಿಯುತ್ತಾರೆ. ಅವಳು ತುಂಬ ಚಿಕ್ಕವಳಿದ್ದಾಗ ಒಮ್ಮೆ ಕೋಳಿಮರಿ ಅಟ್ಟಿಸಿಕೊಂಡು ಆ ಗೋಡೆಯ ಬುಡಕ್ಕೆ ಓಡಿ, ಒದ್ದೆ ಮಣ್ಣಿನಲ್ಲಿ ಕಾಲಿಟ್ಟಿದ್ದಳು. ಅಪ್ಪ ಬೈಯಲಿಲ್ಲ. ಅವಳನ್ನು ಎತ್ತಿ ಕಲ್ಲಿನ ಮೇಲೆ ಕೂರಿಸಿ, ಚೊಂಬಿನಲ್ಲಿ ನೀರು ತಂದು, ಬೆರಳುಗಳ ಸಂದನ್ನೂ ಬಿಡದೆ ಅವಳ ಕಾಲು ತೊಳೆದರು. ಆ ನೀರನ್ನೂ ಬೋಗುಣಿಯಲ್ಲಿ ಹಿಡಿದು ಅಲ್ಲೇ ಸುರಿದರು. ಬೈದಿದ್ದರೆ ಮರೆತುಹೋಗುತ್ತಿತ್ತು. ಆ ಮೌನ ಅವಳ ಅಂಗಾಲಿನಲ್ಲಿ ಇನ್ನೂ ಇದೆ. ಬಿಸಿ ಮಣ್ಣು ತಾಗಿದಾಗಲೆಲ್ಲ ಎದ್ದು ಕೂರುತ್ತದೆ. ಹೊಸ ಶಾಯಿ ಅರೆಸಬಹುದಿತ್ತು. ಅಪ್ಪನನ್ನು ಕೇಳಿದ್ದರೆ ಯಾಕೆ ಎನ್ನುತ್ತಿದ್ದರು, ಅವಳು ಹೇಳಬೇಕಾಗುತ್ತಿತ್ತು, ಅವರು ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದರು. ಅಷ್ಟರಲ್ಲಿ ಹೂ ಉದುರಿ ಈ ವರ್ಷವೂ ಮುಗಿಯುತ್ತಿತ್ತು. ಗುಡಾಣದ ತಳದಲ್ಲಿ ಎಷ್ಟೋ ಕಾಲದ ಶಾಯಿ ಕೆನೆಯಂತೆ ಗಟ್ಟಿಯಾಗಿ ಕೂತಿತ್ತು. ಅಪ್ಪ ಬೇರೆ ಊರಿಗೆ ಸಾವಿನ ಮನೆಗೆ ಮಾತಾಡಿಸಲು ಹೋಗಿದ್ದ ಬೆಳಿಗ್ಗೆ ಅವಳು ಬಂದು, ಮೇಲಿನ ತಿಳಿಯನ್ನು ಸರಿಸಿ, ಅಡಿಯದನ್ನು ಕ್ಯಾನಿಗೆ ತುಂಬಿಕೊಂಡು ಹೋಗಿದ್ದಳು. ಓದುತ್ತಿದ್ದ ಹುಡುಗರು ತಲೆಯೆತ್ತಿ ನೋಡಿ ಮತ್ತೆ ಹಲಗೆಗೆ ಬಾಗಿದ್ದರು. ಮಾಲಂ ಅವರ ಮಗಳು ಮಾಡುವುದರಲ್ಲಿ ತಪ್ಪೇನಿರುತ್ತದೆ? ನೀರು ನೀರೇ, ಮಸಿ ಮಸಿಯೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡಿದ್ದಳು. ಆಮೇಲೆ ಒರಳಲ್ಲಿ ಅರೆದ ಹುಳುವಿನ ರಸವನ್ನು ಅದಕ್ಕೆ ಸುರಿಯುವಾಗ ಬಾಯಿ ತಾನಾಗಿಯೇ ದೇವರ ಹೆಸರು ಹೇಳಲು ಹೊರಟಿತು. ಈ ಕೆಲಸಕ್ಕೆ ಹೇಳಲೋ ಬೇಡವೋ ತಿಳಿಯದೆ ನಡುವೆಯೇ ತುಟಿ ಕಚ್ಚಿಕೊಂಡಿದ್ದಳು.

ಹೊಲ ನೋಡಲು ಗುರುವಾರ ರೈತರು ಬಂದಿದ್ದರು. ಮುದುಕರೆಲ್ಲ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಎಲೆ ಮಗುಚಿ ನೋಡಿ, ನಾಲಿಗೆಯಲ್ಲಿ ಲೊಚಗುಟ್ಟಿದರು. ಅವಳು ಅಷ್ಟು ಖುಷಿಯಲ್ಲಿ ಯಾವತ್ತೂ ಮಾತಾಡಿದ್ದಿಲ್ಲ. ಅಂಗಡಿಯಲ್ಲಿ ತರುವ ವಿಷದ ಹಾಗಲ್ಲ ಇದು, ಹೊಡೆದ ಮರುದಿನವೇ ಸೊಪ್ಪು ಕಿತ್ತು ಸಾರು ಮಾಡಬಹುದು, ಮಗು ಕುಡಿದರೂ ಏನೂ ಆಗುವುದಿಲ್ಲ ಎಂದುಬಿಟ್ಟಿದ್ದಳು. ಹಳ್ಳಿಯ ಮುಖ್ಯಸ್ಥ ಕೋಲಿನ ಮೇಲೆ ಗಲ್ಲವಿಟ್ಟುಕೊಂಡು, "ಹಾಗಾದ್ರೆ ನೀನೇ ಒಂದು ಬಟ್ಟಲು ಕುಡಿದು ತೋರಿಸಮ್ಮ, ನಮ್ಮ ಕಣ್ಣಿಗೂ ಸಮಾಧಾನ ಆಗ್ಲಿ," ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. "ಇವತ್ತು ಗುರುವಾರ ಅಲ್ವಾ ಬಾಬಾ, ಉಪವಾಸ ಇದ್ದೀನಿ," ಎಂದಳು. ಸೋಮವಾರ ಗುರುವಾರಗಳಲ್ಲಿ ಉಪವಾಸವಿರುವುದು ಮಾಲಂ ಅವರ ಮನೆತನಕ್ಕೆ ಒಪ್ಪುವ ಮಾತೇ ಆಗಿತ್ತು. ಮುದುಕರು ನಗು ನಿಲ್ಲಿಸಿ ಗೌರವದಿಂದ ತಲೆಯಾಡಿಸಿದರು. ಅವಳು ಉಪವಾಸವಿರಲಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ಅಲಸಂದೆ ವಡೆ ತಿಂದು ಬಂದಿದ್ದಳು. ಆ ಸುಳ್ಳಿನ ನಂತರ ಇಡೀ ದಿನ ಅವರ ಎದುರಿಗೆ ನೀರನ್ನೂ ಮುಟ್ಟುವಂತಿರಲಿಲ್ಲ. ಅವರು ಮರದಡಿಯಲ್ಲಿ ಮಜ್ಜಿಗೆಗೆ ಸಜ್ಜೆಯ ಉಂಡೆ ಕಿವುಚಿ ಕುಡಿಯುತ್ತಿದ್ದಾಗ ಅವಳು ದೂರದಲ್ಲಿ ಬಾಯಿ ಒಣಗಿಸಿಕೊಂಡು ನಿಂತಿದ್ದಳು. ಬಿಸಿಲಿಗೆ ತಲೆ ಸುತ್ತಿತ್ತು. ಯಾಕೆ ಕುಡಿಯಲಿಲ್ಲ? ಅಸಹ್ಯಕ್ಕೆ ಎಂದು ಅಂದು ರಾತ್ರಿ ತನಗೆ ತಾನೇ ಉತ್ತರ ಕೊಟ್ಟುಕೊಂಡಿದ್ದಳು. ಕೊಳೆತ ಹುಳುವಿನ ನೀರು ಯಾರಿಗಾದರೂ ಅಸಹ್ಯವೇ. ಅದು ಅಸಹ್ಯವಲ್ಲ ಎಂದು ಆಗಲೂ ಗೊತ್ತಿತ್ತು.

"ಹಾಜಿಯಾ, ಬರಿಗಾಲಲ್ಲಿ ಏನು ಮಾಡ್ತಿದ್ದೀರಿ? ಮುಳ್ಳು ಇದೆ ಅಲ್ಲಿ."

ತಾನಿಮು ಸೈಕಲ್ಲನ್ನು ಬದುವಿಗೆ ಒರಗಿಸಿ ಬರುತ್ತಿದ್ದ. ಕೇಂದ್ರದ ಹೊಲಗಳಲ್ಲಿ ಸಿಂಪಡಿಸುವ ಕೆಲಸ ಅವನದು. ಚಿಕ್ಕಂದಿನಲ್ಲಿ ಕಾನೋ ಊರಿನಿಂದ ಬಂದು ಅವಳ ಅಪ್ಪನ ಅಂಗಳದಲ್ಲೇ ಓದಿ ಬೆಳೆದವನು, ರಕಿಯಾಳನ್ನು ಗೌರವಕ್ಕೆ ಹಾಜಿಯಾ ಎಂದೇ ಕರೆಯುವವನು. ಕಾನೋದವರೂ ಝಾರಿಯಾದವರೂ ಒಬ್ಬರನ್ನೊಬ್ಬರು ಹಂಗಿಸುವ ಹಳೆಯ ರೂಢಿಯಂತೆ ಝಾರಿಯಾದ ಅವಳನ್ನು ತಮಾಷೆ ಮಾಡದಿದ್ದರೆ ಅವನಿಗೆ ಬೆಳಗಾಗುತ್ತಿರಲಿಲ್ಲ.

"ಕ್ಯಾನು ತೊಳೆದಿದ್ದು ನೀನಾ?"

"ಇನ್ಯಾರು? ನಿಮ್ಮ ಝಾರಿಯಾದವರು ತೊಳೀತಾರಾ? ನಿಮ್ಮೋರಿಗೆ ಕುಡಿಯೋ ಲೋಟ ತೊಳೆಯೋಕೂ ಕಾನೋದಿಂದ ಆಳು ಬರ್ಬೇಕು."

"ಉಳಿದಿದ್ದನ್ನ ಏನು ಮಾಡ್ದೆ ತಾನಿಮು?"

ಅವನು ನಗುತ್ತಲೇ ಇದ್ದ. ಒಳ್ಳೆಯ ಕೆಲಸ ಮಾಡಿ ಅದನ್ನು ಹೇಳಿಕೊಳ್ಳಲು ನಾಚಿಕೊಳ್ಳುವವನ ನಗು.

"ಗುಂಡಿಗೆ ಹಾಕು ಅಂದ್ರಿ. ಕ್ಯಾನು ಬಗ್ಗಿಸ್ದೆ. ಬಗ್ಗಿಸೋ ಹೊತ್ತಿಗೆ ವಾಸನೆ ಬಂತು. ಹಲಗೆ ನೀರಿನ ವಾಸನೆ ನನಗೆ ಗೊತ್ತಾಗಲ್ವಾ ಹಾಜಿಯಾ? ಅದನ್ನ ಕುಡಿದೇ ಬೆಳೆದೋನು ನಾನು. ಕೈ ನಿಂತೇ ಹೋಯ್ತು. ಒಂದು ಹನಿ ಬೀಳೋಕೆ ಬಿಡ್ಲಿಲ್ಲ, ಆಣೆ."

"ಆಮೇಲೆ?"

"ಆಮೇಲೇನು, ನನ್ನ ರುಮಾಲು ಬಿಚ್ಚಿ ಸೋಸ್ದೆ. ಒಂದ್ಸಲ ಅಲ್ಲ, ಸುಮಾರು ಸಲ ಸೋಸ್ದೆ. ಮಾಲಂ ಅವರ ಮನೆಗೆ ತಗೊಂಡು ಹೋಗಿ ಗುಡಾಣಕ್ಕೇ ಹಾಕಿ ಬಂದೆ. ಕ್ಯಾನು ತೊಳೆದ ನೀರನ್ನೂ ಅದಕ್ಕೇ ಹಾಕ್ದೆ. ಎಲ್ಲಿಂದ ಬಂತೋ ಅಲ್ಲಿಗೆ ಸೇರ್ತು."

"ಅದರಲ್ಲಿ ಹುಳ ಇತ್ತು ತಾನಿಮು."

"ಸತ್ತಿತ್ತಲ್ಲ." ಅವನ ನಗು ಸ್ವಲ್ಪ ಅಲುಗಿತು. "ಮಗು ಕುಡಿದ್ರೂ ಏನೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ ಗುರುವಾರ, ಎಲ್ಲರ ಎದುರಿಗೆ. ನಾನೂ ಅಲ್ಲೇ ಇದ್ದೆ." ಹತ್ತಿರ ಬಂದು ದನಿ ತಗ್ಗಿಸಿದ. "ನಾನು ಯಾರಿಗೂ ಹೇಳಿಲ್ಲ. ನೀವು ಮಾತನ್ನ ಬೆರೆಸಿ ಹೊಡೆದಿದ್ದಕ್ಕೇ ಈ ಸಲ ಹುಳ ಸತ್ತಿದ್ದು ಅಂತ ನನಗೆ ಆವತ್ತೇ ಗೊತ್ತಾಯ್ತು. ಇಷ್ಟು ವರ್ಷ ಬೆಲ್ಲ, ಮಣ್ಣು ಅಂತ ಒದ್ದಾಡಿದ್ರಲ್ಲ ಅಂತ ನಗೂ ಬಂತು. ಮಾಲಂ ಮಗಳು ಕೊನೆಗೆ ಮಾಲಂ ಮಗಳೇ. ಯಾಕೆ ಹಾಜಿಯಾ, ತಪ್ಪಾಯ್ತಾ?"

ಇಲ್ಲ ಎಂದಳು. ಚಪ್ಪಲಿ ಹಾಕಿಕೊಳ್ಳಲು ಹೋದಾಗ ಒಂದು ಕಾಲು ಇನ್ನೊಂದರ ಚಪ್ಪಲಿಗೆ ಹೋಯಿತು.

ಬಾಡಿಗೆ ಬೈಕಿನ ಹಿಂದೆ ಕೂತು ಊರಿನ ಕಡೆಗೆ ಹೋಗುವಾಗ, ಅವಳು ತಾನು ಓದಿದ್ದನ್ನೆಲ್ಲ ಸಾಲಾಗಿ ಕರೆದು ಸಾಕ್ಷಿ ಹೇಳಿಸಿದಳು. ಹುಳುವಿನ ರೋಗಾಣು ಮನುಷ್ಯನ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಇಡೀ ಗುಡಾಣದ ನೀರಿನಲ್ಲಿ ಒಂದು ಕ್ಯಾನಿನ ತಳ ಎಷ್ಟು? ಅಲಸಂದೆಯ ಸೊಪ್ಪಿನ ಜೊತೆ ದಿನಾ ಜನ ಎಷ್ಟು ಹುಳು ತಿನ್ನುತ್ತಾರೋ. ಸಾಕ್ಷಿಗಳೆಲ್ಲ ಒಂದೇ ಮಾತು ಹೇಳಿದವು, ಏನೂ ಆಗುವುದಿಲ್ಲ. ಆದರೆ ಕೊನೆಯಲ್ಲಿ ಯಾವುದೋ ಒಂದು ಎದ್ದು ನಿಂತು ಸಣ್ಣ ದನಿಯಲ್ಲಿ ಕೇಳಿತು: ಸೆಕೆಯಲ್ಲಿ ಮುಚ್ಚಳ ಹಾಕಿ ಇಟ್ಟ ಕೊಳೆತ ರಸದಲ್ಲಿ ಆ ರೋಗಾಣು ಒಂದೇ ಇತ್ತೆಂದು ಯಾರು ನೋಡಿದ್ದಾರೆ? ಹಸಿಬಾಣಂತಿಯರು ಕುಡಿಯುತ್ತಾರೆ ಅದನ್ನು. ಅಪ್ಪ ಬೆಳಗಿನ ನಮಾಜು ಮುಗಿಸಿ ಬೇರೇನನ್ನೂ ಬಾಯಿಗೆ ಹಾಕುವ ಮೊದಲು ಕುಡಿಯುತ್ತಾರೆ, ಬದುಕಿನುದ್ದಕ್ಕೂ ಕುಡಿದಿದ್ದಾರೆ. ಇನ್ನೊಂದು ಕಡೆಯಿಂದ ಅವಳು ಕೇಳಿ ಬೆಳೆದ ಮಾತುಗಳು ಸಾಲುಗಟ್ಟಿ ಬಂದವು. ಅರ್ಥಕ್ಕಿಂತ ಮೊದಲು ಲಯವಾಗಿ, ಬೈಕಿನ ಕುಲುಕಿಗೆ ತಾಳ ಹಾಕುತ್ತ ಬಂದ ಅವೂ ಅದನ್ನೇ ಹೇಳಿದವು. ದೇವರ ಮಾತು ಕರಗಿದ ನೀರನ್ನು ಒಂದು ಹುಳು ಕೆಡಿಸುವುದುಂಟೆ? ಕೆಡಿಸುತ್ತದೆ ಎಂದು ಹೆದರಿದರೆ ಹುಳುವೇ ದೊಡ್ಡದೆಂದು ಒಪ್ಪಿದ ಹಾಗೆ. ಎರಡು ಕಡೆಯವರೂ ಕೈಹಿಡಿದು ಅಂಜಬೇಡ ಎನ್ನುತ್ತಿದ್ದರು. ಹಾಗಾದರೆ ಈ ಅಂಜಿಕೆ ಯಾರ ಕಡೆಯದು? ಇಬ್ಬರನ್ನೂ ನಂಬದ ಒಬ್ಬಳು ತನ್ನೊಳಗೆ ಇಷ್ಟು ದಿನ ಅನ್ನ ತಿಂದುಕೊಂಡು ಇದ್ದಳೇ? ಬೈಕಿನವನು ಹೊಂಡ ತಪ್ಪಿಸಲು ತಿರುಗಿಸಿದಾಗ ಅವಳು ಅವನ ಭುಜ ಹಿಡಿದಳು. "ಹೆದರ್ಬೇಡಿ ಅಕ್ಕಾ, ಬೀಳ್ಸಲ್ಲ," ಎಂದ ಅವನು. ಗುಡಾಣವನ್ನು ಗೋಡೆಯ ಬುಡಕ್ಕೆ ಬಗ್ಗಿಸಿಬಿಡಬೇಕು. ಕಾಲು ತಾಗಿ ಉರುಳಿತು ಎಂದರಾಯಿತು. ಕಾಲು ತಾಗಿ ಎಂದು ಯೋಚಿಸಿದ್ದಕ್ಕೇ ಅಂಗಾಲು ಜುಮ್ಮೆಂದಿತು.

ಅಂಗಳದ ಓದು ಕೇರಿಯ ತಿರುವಿನಿಂದಲೇ ಕೇಳಿಸುತ್ತಿತ್ತು. ಒಬ್ಬೊಬ್ಬನದು ಒಂದೊಂದು ಪಾಠ, ಎಲ್ಲ ಸೇರಿ ಜೇನುಗೂಡಿನ ಹಾಗೆ ಒಂದೇ ಮೊರೆತ. ಯಾವತ್ತೂ ಆ ಸದ್ದಿನೊಳಗೆ ಕಾಲಿಟ್ಟ ಕೂಡಲೆ ಅವಳ ಹೆಗಲು ಇಳಿಯುತ್ತಿತ್ತು. ಇವತ್ತು ಅದರಲ್ಲಿ ಅಪ್ಪನ ದನಿಯನ್ನು ಹುಡುಕಿದಳು. ತಪ್ಪಿದವರನ್ನು ತಿದ್ದುವ, ಕಣ್ಣು ಮುಚ್ಚಿಕೊಂಡೇ ಯಾರ ಬಾಯಿಂದ ಯಾವ ಸ್ವರ ಜಾರಿತೆಂದು ಹೇಳುವ ಆ ದನಿ ಇರಲಿಲ್ಲ. ಓಡಿ ಒಳಗೆ ನುಗ್ಗಿದಳು. ಅಪ್ಪ ಇದ್ದರು. ಚಾಪೆಯ ಮೇಲೆ ನೆಟ್ಟಗೆ ಕೂರದೆ ಗೋಡೆಗೆ ಒರಗಿ, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರೆದುರಿಗೆ ಕೇರಿಯಲ್ಲಿ ಅಲಸಂದೆ ವಡೆ ಕರಿದು ಮಾರುವ ದೇಲು ಮಂಡಿಯೂರಿ ಕೂತಿದ್ದಳು. ಅವಳ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಹಸುಗೂಸು ಇತ್ತು.

"ಬಾ ಮಗಳೇ. ಕೆಲಸದ ದಿನ ಬಂದೆಯಲ್ಲ, ಎಲ್ಲ ಕ್ಷೇಮವಾ?"

"ಕ್ಷೇಮ ಬಾಬಾ. ನಿಮಗೇನಾಗಿದೆ?"

"ಏನಿಲ್ಲ. ನಿನ್ನೆಯಿಂದ ಹೊಟ್ಟೆ ಸ್ವಲ್ಪ ಸರಿಯಿಲ್ಲ. ಆ ಹಾಲಿನವಳು ಹುಳಿ ಮಜ್ಜಿಗೆ ಕೊಟ್ಟಿದ್ದಳು. ಬೇಡ ಅಂದ್ರೆ ನೊಂದ್ಕೋತಾಳೆ ಅಂತ ಕುಡಿದೆ."

"ಹುಳಿ ಮಜ್ಜಿಗೆ ಮಾಲಂಗೆ ಆಗಲ್ಲ ಅಂತ ಊರಿಗೆಲ್ಲ ಗೊತ್ತು," ಎಂದಳು ದೇಲು. "ಅವಳಿಗೆ ಮಾತ್ರ ಗೊತ್ತಿಲ್ಲ. ಗೊತ್ತಿದ್ರೆ ಮಜ್ಜಿಗೆ ಖರ್ಚಾಗೋದು ಹೇಗೆ?" ಅವಳು ರಕಿಯಾ ಕಡೆ ತಿರುಗಿ ನಕ್ಕಳು. "ನನ್ನ ಕೂಸಿಗೆ ಜ್ವರ ಇತ್ತು ಕಣಕ್ಕಾ. ನಿನ್ನೆ ಬಂದು ಗುಡಾಣದ ನೀರು ಒಂದು ಚಮಚ ಹಾಕಿಸ್ಕೊಂಡು ಹೋದೆ. ರಾತ್ರಿ ಬೆವರು ಬಿಟ್ಟು ಮಲಗ್ತು ನೋಡು! ಇನ್ನೊಂದು ಚಮಚ ಹಾಕಿದ್ರೆ ಪೂರ್ತಿ ಬಿಡುತ್ತೆ ಅಂತ ಬಂದೆ."

ಅಪ್ಪನ ಪಕ್ಕದಲ್ಲಿ ಮರದ ಬಟ್ಟಲು ಆಗಲೇ ತುಂಬಿತ್ತು. ಬೂದುಗಪ್ಪು ನೀರು. ಎಲೆಗಳ ಮೇಲಿನ ಚುಕ್ಕೆಗಳದೇ ಬಣ್ಣ. ಕೂಸು ಬೆನ್ನ ಮೇಲಿನಿಂದ ಕತ್ತು ಹೊರಳಿಸಿ ರಕಿಯಾಳನ್ನು ನೋಡಿತು. ಅದರ ಕಣ್ಣು ನಿರ್ಮಲವಾಗಿತ್ತು. ಇದಕ್ಕೆ ಗುಣವಾಗಿದೆ. ಅಪ್ಪನಿಗೆ ಹೊಟ್ಟೆ ಕೆಟ್ಟಿದೆ. ಎರಡೂ ಅದೇ ಬಟ್ಟಲಿನಿಂದ. ಅಥವಾ ಎರಡೂ ಅದರಿಂದಲ್ಲ, ಒಂದು ಬೆವರಿನಿಂದ, ಒಂದು ಮಜ್ಜಿಗೆಯಿಂದ. ಸುಮ್ಮನಿದ್ದುಬಿಟ್ಟರೆ? ದೇಲು ಕೂಸನ್ನು ಮುಂದಕ್ಕೆ ತಂದು ಮಡಿಲಲ್ಲಿ ಮಲಗಿಸಿಕೊಂಡಳು, ಬೆರಳಿನಿಂದ ಅದರ ತುಟಿ ಬಿಡಿಸಿದಳು. ಸುಮ್ಮನಿದ್ದುಬಿಟ್ಟರೆ ಈ ಕೇರಿ ಕೇರಿಯಾಗಿಯೇ ಇರುತ್ತದೆ. ಅಪ್ಪ ಮಾಲಂ ಆಗಿಯೇ ಇರುತ್ತಾರೆ. ಆ ಮಡಿಯ ಹೂವುಗಳು ಕಾಯಾಗುತ್ತವೆ. ಬಾಯಿ ತೆರೆದರೆ, ಜುನೈದು ಅವರ ಮಗಳು ಮಾತನ್ನು ಕದ್ದು ಹುಳುವಿನ ಹೊಲಸಿಗೆ ಬೆರೆಸಿ ಮೇಕೆಯ ಗೊರಸಿನ ಕೆಳಗೆ ಹಾಕಿದಳೆಂದು ಸಂಜೆಯೊಳಗೆ ಬಾವಿಕಟ್ಟೆಯಲ್ಲಿ ಮಾತಾಡುತ್ತಾರೆ. ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅಪ್ಪ ಚಮಚವನ್ನು ಬಟ್ಟಲಿಗೆ ಅದ್ದಿದರು.

"ಕೊಡ್ಬೇಡಿ ಬಾಬಾ."

ಚಮಚ ಕೂಸಿನ ಬಾಯಿಯ ಮೇಲೆ ನಿಂತಿತು. ಅದರ ತುದಿಯಿಂದ ಒಂದು ಹನಿ ಜಿನುಗಿ ಬೀಳಲು ಹವಣಿಸಿತು. ಅಪ್ಪ ಇನ್ನೊಂದು ಅಂಗೈಯನ್ನು ಕೆಳಗೆ ಒಡ್ಡಿ ಹಿಡಿದುಕೊಂಡರು. ಹತ್ತಿರ ಕೂತಿದ್ದ ಹುಡುಗರ ಓದು ತಗ್ಗಿತು. ಅಪ್ಪ ಅತ್ತ ಕಣ್ಣು ಹಾಯಿಸಿದ ಕೂಡಲೆ ಮತ್ತೆ ಏರಿತು.

"ಯಾಕಮ್ಮ?"

ಹೇಳಿದಳು. ತನ್ನ ದನಿ ಆ ಓದಿನ ಮೊರೆತದಲ್ಲಿ ಮುಳುಗಿ ಹೋಗಲಿ ಎನ್ನುವ ಹಾಗೆ ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದಳು. ಬಿಸಿಲು, ಎಲೆ, ಗುಡಾಣದ ತಳ, ಅವರು ಊರಲ್ಲಿಲ್ಲದ ಬೆಳಿಗ್ಗೆ, ಅರೆದ ಹುಳು, ಸಿಂಪಡಿಸಿದ್ದು, ತಾನಿಮು ಹೊತ್ತು ತಂದದ್ದು. ತಾನಿಮುವಿನ ಹೆಸರು ಹೇಳುವಾಗ, ತಪ್ಪು ಅವನದು ಎನ್ನುವಂತೆ ತನ್ನ ದನಿ ಒಂದಿಷ್ಟು ಗಟ್ಟಿಯಾದದ್ದು ಅವಳಿಗೇ ಕೇಳಿಸಿ ನಾಚಿಕೆಯಾಯಿತು. ದೇಲು ಅರ್ಥವಾಗದೆ ಒಬ್ಬರಿಂದ ಒಬ್ಬರಿಗೆ ಮುಖ ತಿರುಗಿಸಿದಳು. ಆಮೇಲೆ ಅರ್ಥವಾಯಿತು. ಕೂಸನ್ನು ಎದೆಗೆ ಅವುಚಿಕೊಂಡಳು.

"ಹುಳ? ಅಕ್ಕಾ, ನನ್ನ ಕೂಸಿನ ಹೊಟ್ಟೇಲಿ ಹುಳ ಇದೆಯಾ?"

"ಇಲ್ಲ ದೇಲು. ಅದು ಮನುಷ್ಯರಿಗೆ ಏನೂ ಮಾಡಲ್ಲ."

"ಮತ್ತೆ ಕೊಡ್ಬೇಡಿ ಅಂದೆಯಲ್ಲ! ಏನೂ ಮಾಡಲ್ಲ ಅಂತೀಯ, ಕೊಡ್ಬೇಡಿ ಅಂತೀಯ. ಓದಿದೋರು ಎರಡು ನಾಲಿಗೆ ಇಟ್ಕೊಂಡು ಮಾತಾಡಿದ್ರೆ ನಮ್ಮಂಥೋರು ಯಾವುದನ್ನ ಕೇಳ್ಬೇಕು?"

ಅಪ್ಪ ಅಂಗೈಯಲ್ಲಿ ಹಿಡಿದ ಹನಿಯನ್ನು ನೋಡುತ್ತಿದ್ದರು. ಅದನ್ನು ಎಲ್ಲಿ ಒರೆಸಬೇಕೆಂದು ತಿಳಿಯದವರ ಹಾಗೆ ನೋಡುತ್ತಿದ್ದರು. ಒಳಗೆ ತೆಗೆದುಕೊಳ್ಳುವಂತಿಲ್ಲ, ಚೆಲ್ಲುವಂತಿಲ್ಲ. ಆ ಕೈ ಅವಳ ಕಾಲು ತೊಳೆದ ಕೈ. ಅದು ಇಷ್ಟು ಸಣ್ಣದಾಗಿದೆ ಎಂದು, ಗೆಣ್ಣುಗಳ ಮೇಲೆ ಚರ್ಮ ಇಷ್ಟು ಸಡಿಲವಾಗಿದೆ ಎಂದು ಅವಳು ನೋಡಿರಲಿಲ್ಲ. ಬೈದರೆ ಸಾಕು ಎನಿಸಿತು. ಹುಡುಗರಿಗೆ ಬೈಯುವಂತೆ ಎಲ್ಲರ ಎದುರಿಗೆ, ಹೆಸರು ಹಿಡಿದು.

"ಗುಡಾಣ ಬಗ್ಗಿಸ್ತೀನಿ ಬಾಬಾ," ಎಂದಳು. "ಹಿತ್ತಿಲ ಗೋಡೆಯ ಹತ್ತಿರ. ನೀವು ಹಾಕೋ ಕಡೆಯೇ."

"ಆಮೇಲೆ ಬಗ್ಗಿಸು. ಮೊದಲು ಇದಕ್ಕೆ ಉತ್ತರ ಹೇಳು. ಶನಿವಾರದಿಂದ ಕುಡೀತಿದ್ದೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಮರೆತ ಹುಡುಗ ಪಕ್ಕದವನನ್ನು ಕೇಳುವ ಹಾಗಿತ್ತು. "ಮೊನ್ನೆ ಕುಡಿದೆ, ನಿನ್ನೆ ಕುಡಿದೆ, ಇವತ್ತೂ ಕುಡಿದೆ. ಈ ಕೂಸು ಕುಡಿದಿದೆ. ಇನ್ನೂ ಯಾರ್ಯಾರೋ. ನಮಗೇನೂ ಆಗಲ್ವಾ?"

"ಆಗಲ್ಲ ಬಾಬಾ."

"ನಿನ್ನ ಓದು ಹಾಗೆ ಹೇಳುತ್ತಾ?"

"ಹೇಳುತ್ತೆ."

"ನನ್ನ ಓದೂ ಹಾಗೇ ಹೇಳುತ್ತೆ. ಆದ್ರೆ ನೋಡು," ಎಂದು ಹೊಟ್ಟೆಯ ಮೇಲಿನ ಕೈಯನ್ನು ತುಸು ಎತ್ತಿ ಮತ್ತೆ ಇಟ್ಟರು. "ನೀನು ಬಾಯಿ ತೆರೆಯೋ ತನಕ ಇದು ಮಜ್ಜಿಗೆ ಆಗಿತ್ತು. ಈಗ ಏನು ಅಂತ ಗೊತ್ತಾಗ್ತಿಲ್ಲ. ಈ ವಯಸ್ಸಲ್ಲಿ ನನಗೆ ಭಯ ಆಗ್ತಿದೆ ಮಗಳೇ. ನಾಚಿಕೆ ಆಗುತ್ತೆ ಹೇಳೋಕೆ."

ದೇಲು ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು. ಅಪ್ಪ ಚಮಚವನ್ನು ಬಟ್ಟಲಿನೊಳಗೆ ಇಟ್ಟರು. ಅಂಗೈಯ ಹನಿಯನ್ನೂ ಅದರೊಳಗೇ ಸವರಿದರು. ಎರಡೂ ಕೈಯಲ್ಲಿ ಬಟ್ಟಲನ್ನು ಎತ್ತಿ ಅವಳ ಕಡೆಗೆ ಚಾಚಿದರು.

"ಒಂದು ಗುಟುಕು ಕುಡಿ. ಇವಳು ನೋಡ್ಲಿ. ನಾನೂ ನೋಡ್ತೀನಿ. ನೀನು ಕುಡಿದ್ರೆ ನನಗೆ ಧೈರ್ಯ ಬರುತ್ತೆ."

ಬಟ್ಟಲನ್ನು ತೆಗೆದುಕೊಂಡಳು. ಹೊಗೆಯ, ಅಂಟಿನ, ಬಾಲ್ಯದ ವಾಸನೆ. ಜ್ವರದ ರಾತ್ರಿಗಳಲ್ಲಿ ಅಪ್ಪ ಅವಳ ತಲೆಯನ್ನು ತೋಳಿನ ಮೇಲಿಟ್ಟುಕೊಂಡು, ಸಣ್ಣಗೆ ಹೇಳಿಕೊಳ್ಳುತ್ತ, ಇದೇ ಬಟ್ಟಲನ್ನು ತುಟಿಗೆ ಹಿಡಿದಿದ್ದರು. ಆ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತೋ, ಇದೆಯೆಂದು ಮೂಗು ಹೇಳಿಕೊಳ್ಳುತ್ತಿತ್ತೋ. ಕುಡಿದರೆ ಮುಗಿಯಿತು. ಒಂದು ಗುಟುಕಿಗೆ ಅಪ್ಪ ನೆಟ್ಟಗೆ ಕೂರುತ್ತಾರೆ, ದೇಲು ನಗುತ್ತಾಳೆ, ತಾನು ಗುರುವಾರ ಆಡಿದ ಮಾತು ನಿಜವಾಗುತ್ತದೆ. ಏನೂ ಆಗುವುದಿಲ್ಲ. ಬಟ್ಟಲಿನ ಅಂಚು ತುಟಿಯವರೆಗೆ ಬಂತು. ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡವು. ಅವುಗಳನ್ನು ಬಿಡಿಸಲು ಅವಳು ನಿಜವಾಗಿಯೂ ಪ್ರಯತ್ನಪಟ್ಟಳು. ಅವು ಬೇರೆ ಯಾರವೋ ಆಗಿದ್ದವು.

ಅಪ್ಪ ಅವಳ ಮುಖವನ್ನು ನೋಡುತ್ತಿದ್ದರು. ಅವಳಿಂದ ಆಗುವುದಿಲ್ಲ ಎನ್ನುವುದು ಅವರಿಗೆ ಮೆಲ್ಲಗೆ ತಿಳಿದಂತಿತ್ತು. ಕಲ್ಲಿನ ಮೇಲೆ ಕೂರಿಸಿ ಕಾಲು ತೊಳೆದ ದಿನವೂ ಅವರು ಹೀಗೇ ನೋಡಿದ್ದರೋ ಏನೋ.

"ಇವತ್ತು ಸೋಮವಾರ ಅಲ್ವಾ?" ಎಂದರು ಮೆತ್ತಗೆ, ದೇಲುವಿಗೂ ಕೇಳಿಸುವ ಹಾಗೆ. "ಉಪವಾಸ ಇದ್ದೀಯಾ ಮಗಳೇ? ಇದ್ರೆ ಬೇಡ, ಇಡು. ಸೂರ್ಯ ಮುಳುಗಿದ ಮೇಲೆ ಕುಡಿದ್ರಾಯ್ತು."

ದೇಲು ಉಸಿರು ಬಿಟ್ಟಳು. ಹುಡುಗರ ಓದು ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಶುರುವಾಯಿತು. ಹೌದು ಬಾಬಾ ಎನ್ನುವ ಎರಡು ಮಾತು ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿದ್ದವು. ರಕಿಯಾ ಬಟ್ಟಲನ್ನು, ಒಂದು ಹನಿಯೂ ತುಳುಕದ ಹಾಗೆ, ಎರಡೂ ಕೈಯಲ್ಲಿ ಚಾಪೆಯ ಮೇಲೆ ಅವರ ಮುಂದಿಟ್ಟಳು.

"ಇಲ್ಲ ಬಾಬಾ. ಉಪವಾಸ ಇಲ್ಲ. ಇದನ್ನ ನಾನು ಕುಡಿಯಲ್ಲ."